ಮಗಳಿಗೆ ಯಾವ ಆಟ ಹಚ್ಚೋದು? ಆನ್‌ಲೈನ್ ಟೆಸ್ಟ್ ನಂಬಬಹುದೇನ್ರಿ?

ಗದಗಿನ ತಾಯಿ:
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಮಗಳು ಏಳನೇತ್ತಾ, 12 ವರ್ಷ. ಸಾಲಿಯಿಂದ ಬಂದಕೂಡ್ಲೇ ಮೊಬೈಲ್ ಹಿಡೀತಾಳ, ಅದಕ್ಕ ಒಂದ್ ಆಟಕ್ಕ ಹಚ್ಚೋಣಂತ ಒಂದು ವೆಬ್‌ಸೈಟ್‌ನ್ಯಾಗ ಎತ್ತರ, ತೂಕ, ಒಬ್ಬಾಕಿನ ಆಡೋದು ಸೇರ್ತದೋ ಗುಂಪಿನ್ಯಾಗೋ ಅಂತೆಲ್ಲಾ ತುಂಬಿದ್ವಿ, ಕೊನೀಗೆ ಈಜು ಇಲ್ಲಾ ಬ್ಯಾಡ್ಮಿಂಟನ್ ಅಂತ ಬಂತು. ಆದ್ರ ಹಾಕಿ ಆಟ ಅಂದ್ರ ಆಕಿಗೆ ಜೀವ, ಬೆಟಗೇರಿ ಕಡೆ ಹುಡುಗ್ರು ಸ್ಟಿಕ್ ಹಿಡ್ಕೊಂಡು ಹೋಗೋದು ಕಂಡಾಗಿಂದ ನನಗೂ ಕೊಡಸು ಅಂತ ಹಟ. ಅವರಪ್ಪ ಮಾತ್ರ ಟೆಸ್ಟ್ ಹೇಳಿದ್ದ ಮಾಡೋಣ ಅಂತಾರ. ಏನ್ ಮಾಡ್ಲಿ?

ಪಿ.ಟಿ. ಮಾಸ್ತರ, ಹಾವೇರಿ:
ಅಕ್ಕಾರ, ಆ ಪ್ರಶ್ನೆಗೆ ಉತ್ತರ ಯಾರ ಕೊಟ್ರು, ನೀವೋ ಆಕಿನೋ? ನೀವ ಕೊಟ್ಟಿದ್ರ ಅದು ನಿಮ್ಮ ಮನಸ್ಸಿನ ಟೆಸ್ಟ್ ಆತು. ನಾವು ಸಾಲ್ಯಾಗ ಬಳಸೋದು ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಆ್ಯಪ್, 2019ರಾಗ ಬಂದದ್ದು, ಅದರಾಗ ಅಳತಿ ಇರ್ತಾವ. 5ರಿಂದ 8 ವರ್ಷದವ್ರಿಗೆ ಒಂಟಿ ಕಾಲ ಮ್ಯಾಲ ನಿಂದ್ರೋದು, ಎರಡು ಬಿಲ್ಲೆ ಮ್ಯಾಲ ಕೈಲೆ ಜಲ್ದಿ ಜಲ್ದಿ ಬಡಿಯೋದು. ನಿಮ್ಮ ಮಗಳ ವಯಸ್ಸಿಗೆ 50 ಮೀಟರ್ ಓಟ, ದಮ್ಮು ನೋಡಾಕ 600 ಮೀಟರ್, ಕಾಲು ಚಾಚಿ ಕುಂತು ಮುಂದ ಬಗ್ಗೋದು, ಹೊಟ್ಟಿ ಗಟ್ಟಿ ಎಷ್ಟದ ಅನ್ನೋದು. ಇದು ಬೇಕ್ರಿ, ನನಗ ಭಾಳ ಉಪಯೋಗ ಆಗೇತಿ, ಹಿಂದ ಕುಂಡ್ರೋ ಮೆತ್ತನ ಹುಡುಗಿ 600 ಮೀಟರ್‌ನ್ಯಾಗ ಎಲ್ಲಾರಿಗಿಂತ ಮುಂದ ಬಂದಾಗ ಗೊತ್ತಾತು ಆಕಿ ಕಾಲಾಗ ಏನೈತಿ ಅಂತ. ಆದ್ರ ಇದು ಇವತ್ತಿನ ಮೈ ಅಷ್ಟ ತೋರಸ್ತದ. ಈ ವಯಸ್ಸಿನ್ಯಾಗ ಒಮ್ಮೆಲೆ ಎತ್ತರ ಆಗ್ತಾರ, ಕೈಕಾಲು ಹೊಂದಿಕಿ ತಪ್ಪಿ ಓಟ ಹಿಂದ ಬೀಳ್ತದ, ಆಮ್ಯಾಲ ಸರಿ ಆಗ್ತದ. ಆರು ತಿಂಗಳಿಗೊಮ್ಮೆ ಅಳೀರಿ, ಒಂದ್ಸಲದ ನಂಬರ್ ಹಿಡ್ಕೊಂಡು ಬ್ಯಾಡ ಅನಬ್ಯಾಡ್ರಿ.

ಹುಬ್ಬಳ್ಳಿ ಅಪ್ಪ:
ನಾನು ಸೋತು ಹೇಳ್ತೀನ್ರಿ. ಮಗ ಎತ್ತರ ಅದಾನ, ಟೆಸ್ಟ್ ಬಾಸ್ಕೆಟ್‌ಬಾಲ್ ಅಂತು, ಮೂರು ತಿಂಗಳ ಫೀ ಕಟ್ಟಿದೆ, ದಿನಾ ಗ್ರೌಂಡ್ ಅಂಚಿಗೆ ನಿಂತು ಬರ್ತಿದ್ದ. ಈಗ ಖೋ ಖೋ ಆಡ್ತಾನ, ಮೊಣಕಾಲು ಕಿತ್ಕೊಂಡು ಬಂದ್ರೂ ನಕ್ಕೋತ ಬರ್ತಾನ. ಇನ್ನೊಂದು, ಉಗುಳು ಟೆಸ್ಟ್ ಮಾಡಿ ಜೀನ್ ನೋಡಿ ಆಟ ಹೇಳ್ತೀವಿ ಅನ್ನೋರಿಗೆ ರೊಕ್ಕ ಕೊಡಬ್ಯಾಡ್ರಿ, ಪ್ರತಿಭೆ ಆರಿಸಾಕ ಅದರಿಂದ ಏನೂ ಉಪಯೋಗಿಲ್ಲ ಅಂತ ಕ್ರೀಡಾ ವಿಜ್ಞಾನದ ತಜ್ಞರು 2015ರಾಗ ಕೂಡೇ ಹೇಳ್ಯಾರ. ನಿಮ್ಮೂರಿನ ಕ್ರಿಕೆಟಿಗ ಸುನೀಲ್ ಜೋಶಿ ಸಣ್ಣವರಿದ್ದಾಗ ಮುಂಜಾನೆದ್ದು ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ ಸಾಲಿ ಹೊತ್ತಿಗೆ ಗದಗಕ್ಕ ಹೋಗ್ತಿದ್ರು, ಅಷ್ಟು ಆಸೆ ಯಾವ ಫಾರ್ಮ್‌ನ್ಯಾಗ ತುಂಬ್ತೀರಿ?

ಧಾರವಾಡದಾಕಿ:
ಆಟದಾಗ ಪ್ರತಿಭೆ ಇರೋ ಮಕ್ಕಳನ್ನ ಹುಡುಕಾಕ ಕೇಂದ್ರ ಸರ್ಕಾರದ್ದು ಕೀರ್ತಿ ಅಂತ ಯೋಜನೆ ಅದ, 2024ರ ಮಾರ್ಚ್‌ದಾಗ ಶುರು ಆತು, 9ರಿಂದ 18 ವರ್ಷದ ಮಕ್ಕಳಿಗೆ. ಆನ್‌ಲೈನ್ ಹೆಸರು ಹಚ್ಚೋದು, ಟೆಸ್ಟ್ ಗ್ರೌಂಡಿನ್ಯಾಗ. ಈಜು ಅಂತ ಬಂದದ್ದಕ್ಕ ಒಂದ್ ಮಾತು, ಮನಿಯಿಂದ ಕೊಳ ಎಷ್ಟು ದೂರ, ದಿನಾ ಯಾರು ಕರ್ಕೊಂಡು ಹೋಗ್ತೀರಿ ಅಂತ ಆ ವೆಬ್‌ಸೈಟ್ ಕೇಳಿತ್ತೇನು?

ಗದಗಿನ ತಾಯಿ:
ಕೇಳಿದ್ದಿಲ್ರೀ! ಮತ್ತ ಉತ್ತರ ಎಲ್ಲಾ ನಾನ ಕೊಟ್ಟಿದ್ದೆ. ಇವತ್ತು ಆಕಿ ಕಡೆ ತುಂಬಿಸಿದೆ, ಹಾಕಿ ಮೂರನೇದ್ದು ಬಂತು. ಅವರಪ್ಪಗ ತೋರಿಸಿದೆ, ಎರಡು ತಿಂಗಳು ಆಡ್ಲಿ ನೋಡೋಣ ಅಂದ್ರು. ಮಾಸ್ತರ, ಆಕಿ ನನ್ನ ಭುಜದಮಟ ಅದಾಳ, ಎಷ್ಟು ಇಂಚಿನ ಸ್ಟಿಕ್ ತಗೊಳ್ಳಿ?