ಅರ್ಧಕ್ಕಿಂತ ಜಾಸ್ತಿ ಹಾಲಿನ ವ್ಯಾಪಾರ: ಜಿಎಸ್‌ಟಿ ಮಾಡಿಸಬೇಕಾ?

ಕಾಂಡಿಮೆಂಟ್ಸ್ ಹುಡುಗ:
ಕಾಮಾಕ್ಷಿಪಾಳ್ಯದಲ್ಲಿ ನಮ್ಮದು ಕಾಂಡಿಮೆಂಟ್ಸ್ ಅಂಗಡಿ. ಊರು ಹಾಸನದ ಕಡೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ನಮಗೆ ಬರಲಿಲ್ಲ. ಹಿಂದಿನ ಬೀದಿಯ ಬೇಕರಿಗೆ ಬಂತು. ಅವತ್ತೇ ಅಪ್ಪ ಕ್ಯೂಆರ್ ಸ್ಟಿಕ್ಕರ್ ಕಿತ್ತುಹಾಕಿದರು.

ವರ್ಷಕ್ಕೆ ಸುಮಾರು 50 ಲಕ್ಷ ವ್ಯಾಪಾರ. ಅದರಲ್ಲಿ 30 ಲಕ್ಷ ಹಾಲಿನದೇ. ಹಾಲಿಗೆ ತೆರಿಗೆ ಇಲ್ಲ, ಹಾಗಾಗಿ ನೋಂದಣಿಗೆ ಇರುವ 40 ಲಕ್ಷದ ಮಿತಿ ದಾಟಿಲ್ಲ ಅಂತ ಅಪ್ಪನ ವಾದ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

ದಿನಸಿ ಅಂಗಡಿ, ಹೆಗ್ಗನಹಳ್ಳಿ:
ತಮ್ಮಾ, ಬರೀ ಹಾಲು ಮಾರಿದರೆ ನೋಂದಣಿ ಬೇಡ. ಜೊತೆಗೆ ಬಿಸ್ಕತ್ತು, ಸೋಪು ಮಾರಿದರೆ 40 ಲಕ್ಷದ ಲೆಕ್ಕಕ್ಕೆ ಹಾಲೂ ಸೇರುತ್ತದೆ. ದಿನಕ್ಕೆ 11 ಸಾವಿರ ವ್ಯಾಪಾರವಾದರೆ ಸಾಕು, ದಾಟುತ್ತದೆ.

ಆದರೆ ಕಟ್ಟೋದು ಎಷ್ಟು ಅಂತ ನೋಡು. ಕಾಂಪೋಸಿಷನ್, ಅಂದರೆ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಪದ್ಧತಿ, ತಗೊಂಡರೆ ನಮ್ಮಂಥ ವ್ಯಾಪಾರಿಗೆ 1%, ಅದೂ ತೆರಿಗೆ ಇರುವ ಸರಕಿನ ಮೇಲೆ ಮಾತ್ರ. ನಿಮ್ಮ 20 ಲಕ್ಷಕ್ಕೆ ವರ್ಷಕ್ಕೆ 20 ಸಾವಿರ. ಗಿರಾಕಿ ಹತ್ತಿರ ವಸೂಲಿ ಮಾಡುವ ಹಾಗಿಲ್ಲ, ನಮ್ಮ ಲಾಭದಲ್ಲೇ ಹೋಗಬೇಕು. ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ವರ್ಷಕ್ಕೊಂದು ರಿಟರ್ನ್.

ನಾನೂ ಮೂರು ವರ್ಷ ಮುಂದೂಡಿದ್ದೆ. ದುಡ್ಡಿಗಾಗಿ ಅಲ್ಲ, ಭಯಕ್ಕೆ. ಯಾರನ್ನಾದರೂ ಕೇಳಿದರೆ ನಾನೇ ಸಿಕ್ಕಿಹಾಕಿಕೊಳ್ಳುತ್ತೇನೆ ಅನ್ನಿಸುತ್ತಿತ್ತು. ಎದುರಿನ ಅಂಗಡಿಯವನು ಏನೂ ಕಟ್ಟದೆ ಎರಡು ರೂಪಾಯಿ ಕಮ್ಮಿಗೆ ಮಾರುತ್ತಾನೆ, ನಾನೊಬ್ಬನೇ ಯಾಕೆ ಕಟ್ಟಲಿ ಅನ್ನೋ ಸಂಕಟ ಬೇರೆ. ಕೊನೆಗೆ ನನ್ನ ಸೊಸೆ ಪಕ್ಕ ಕೂತು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದಳು. ಅವತ್ತು ಧೈರ್ಯ ಬಂತು. ಅಪ್ಪನಿಗೂ ಹಾಗೇ ತೋರಿಸು. ವಾದ ಮಾಡಬೇಡ.

ಲೆಕ್ಕ ಬರೆಯುವವಳು:
ಪ್ಯಾಕೆಟ್ ಮೊಸರನ್ನು ಹಾಲಿನ ಜೊತೆ ಸೇರಿಸಿದ್ದೀರಾ ನೋಡಿ. 2022ರ ಜುಲೈನಿಂದ ಅದಕ್ಕೆ 5% ತೆರಿಗೆ ಇದೆ. ತುಂಬಾ ಜನ ಇಲ್ಲೇ ತಪ್ಪುತ್ತಾರೆ. ಸ್ಟಿಕ್ಕರ್ ಕಿತ್ತರೂ ವ್ಯಾಪಾರ ವ್ಯಾಪಾರವೇ, ನಗದೂ ಲೆಕ್ಕಕ್ಕೆ ಬರುತ್ತದೆ. ನೋಟಿಸ್ ಬಂದವರಿಗೆ ಹಳೇ ಬಾಕಿ ಬಿಡುತ್ತೇವೆ, ನೋಂದಣಿ ಮಾಡಿಸಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಆಗ ಹೇಳಿದ್ದರು. ನಿಮಗೆ ನೋಟಿಸ್ ಬಂದಿಲ್ಲ, ಆ ಮಾತು ನಿಮಗೂ ಸೇರುತ್ತದೋ ಇಲ್ಲವೋ ಗೊತ್ತಿಲ್ಲ, ಆದ್ದರಿಂದ ಹಿಂದಿನ ವರ್ಷಗಳ ಖರೀದಿ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಒಬ್ಬ ಆಡಿಟರನ್ನು ಕಾಣಿ. ಅದನ್ನು ಮಾತ್ರ ಸುಮ್ನೆ ಬಿಡಬೇಡಿ.

ಕಾಂಡಿಮೆಂಟ್ಸ್ ಹುಡುಗ:
ಮೊಸರು ಸೇರಿಸಿಬಿಟ್ಟಿದ್ದೆ ಅಕ್ಕ! ಈಗ ಬೇರೆ ಮಾಡಿದೆ, ತಿಂಗಳಿಗೆ 22 ಸಾವಿರದ ಮೊಸರು. ರಾತ್ರಿ ಗಲ್ಲಾ ಎಣಿಸುವಾಗ ಅಪ್ಪನ ಮುಂದೆ ಕಾಗದ ಇಟ್ಟೆ. ಎರಡು ಸಲ ಓದಿದರು. "ಇಷ್ಟೇನಾ?" ಅಂದರು. ಭಾನುವಾರ ಹಳೇ ಬಿಲ್ಲಿನ ಡಬ್ಬ ಅಟ್ಟದಿಂದ ಇಳಿಸುತ್ತೇವೆ.