ಗಂಡು ಸೊಳ್ಳೆ ಕಚ್ಚುವುದಿಲ್ಲವಾದರೆ ಏನನ್ನು ತಿಂದು ಬದುಕುತ್ತದೆ?

ಪ್ರಶ್ನೆ:
ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ ಎಂದು ಓದಿದ್ದೇನೆ. ಹಾಗಿದ್ದರೆ ಗಂಡಿನ ಆಹಾರ ಯಾವುದು? ರಕ್ತ ಸಿಗದಿದ್ದರೆ ಹೆಣ್ಣು ಸೊಳ್ಳೆ ಹಸಿವಿನಿಂದ ಸಾಯುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಸಾಯುವುದಿಲ್ಲ, ಏಕೆಂದರೆ ರಕ್ತವು ಹೆಣ್ಣು ಸೊಳ್ಳೆಯ ನಿತ್ಯದ ಆಹಾರವಲ್ಲ. ಹಾರಾಟಕ್ಕೆ ಬೇಕಾದ ಶಕ್ತಿಯನ್ನು ಗಂಡು, ಹೆಣ್ಣು ಎರಡೂ ಹೂವಿನ ಮಕರಂದ, ಮಾಗಿದ ಹಣ್ಣಿನ ರಸ, ಸಸ್ಯಹೇನುಗಳು ವಿಸರ್ಜಿಸುವ ಸಿಹಿದ್ರವ ಮುಂತಾದವುಗಳಲ್ಲಿರುವ ಸಕ್ಕರೆಯಿಂದ ಪಡೆಯುತ್ತವೆ. ಹೆಣ್ಣು ರಕ್ತವನ್ನು ಅರಸಿ ಬರುವುದು ಮುಖ್ಯವಾಗಿ ಮೊಟ್ಟೆಗಳಿಗಾಗಿ. ರಕ್ತದಲ್ಲಿರುವ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳು ದೊರೆತಾಗ, ಅವುಗಳನ್ನು ಬಳಸಿ ದೇಹವು ಮೊಟ್ಟೆಯೊಳಗಿನ ಪೋಷಕ ಭಂಡಾರವನ್ನು ತಯಾರಿಸುತ್ತದೆ. ಮಕರಂದದಲ್ಲಿ ಅಷ್ಟು ಪ್ರೋಟೀನು ಇರುವುದಿಲ್ಲ. ಬೆಚ್ಚನೆಯ ಹವೆಯಲ್ಲಿ ಹೊಟ್ಟೆ ತುಂಬ ರಕ್ತ ಹೀರಿದ ಹೆಣ್ಣು ಸಾಮಾನ್ಯವಾಗಿ ಎರಡು ಮೂರು ದಿನ ವಿಶ್ರಮಿಸಿ, ಮೊಟ್ಟೆಯಿಟ್ಟು, ಮುಂದಿನ ಸರದಿಗಾಗಿ ಮತ್ತೆ ರಕ್ತವನ್ನು ಹುಡುಕುತ್ತದೆ. ನನಗೆ ಅತ್ಯಂತ ಸೋಜಿಗವೆನಿಸುವ ಸಂಗತಿಯೆಂದರೆ, ಅದರ ದೇಹದಲ್ಲಿ ಈ ಎರಡು ಆಹಾರಗಳಿಗೆ ಬೇರೆ ಬೇರೆ ದಾರಿಗಳಿವೆ: ರಕ್ತ ನೇರವಾಗಿ ಮಧ್ಯಕರುಳಿಗೆ ಹೋಗುತ್ತದೆ, ಸಿಹಿರಸ ಮೊದಲು ಒಂದು ಸಂಗ್ರಹ ಚೀಲವನ್ನು ಸೇರಿ ಅಗತ್ಯಕ್ಕೆ ತಕ್ಕಂತೆ ಕರುಳಿಗೆ ಇಳಿಯುತ್ತದೆ.

ಉತ್ತರ 2:
ಮೇಲಿನ ವಿವರಣೆಗೆ ಬಾಯಿಯ ರಚನೆಯನ್ನೂ ಸೇರಿಸಬೇಕು. ಹೆಣ್ಣಿನ ಸೊಂಡಿಲಿನ ಹೊರಕವಚದೊಳಗೆ ಸೂಜಿಯಂತಹ ಆರು ಭಾಗಗಳಿದ್ದು, ಕೆಲವು ಚರ್ಮವನ್ನು ಕೊರೆಯುತ್ತವೆ, ಒಂದು ರಕ್ತವನ್ನು ಹೀರುತ್ತದೆ, ಇನ್ನೊಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಜೊಲ್ಲನ್ನು ಒಳಬಿಡುತ್ತದೆ. ಗಂಡಿನಲ್ಲಿ ಕೊರೆಯುವ ಭಾಗಗಳು ಕುಗ್ಗಿರುವುದರಿಂದ ಅದು ನಮ್ಮ ಚರ್ಮವನ್ನು ಚುಚ್ಚಲಾರದು. ಅದರ ಮೀಸೆ ಗರಿಯಂತೆ ದಟ್ಟವಾಗಿರುವುದು ಹೆಣ್ಣಿನ ರೆಕ್ಕೆಯ ಸದ್ದನ್ನು ಗುರುತಿಸಲು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎಲ್ಲ ಜಾತಿಯ ಹೆಣ್ಣುಗಳಿಗೂ ರಕ್ತ ಅನಿವಾರ್ಯವೇ?

ಉತ್ತರ 1:
ಇಲ್ಲ. ಟಾಕ್ಸೊರಿಂಕೈಟಿಸ್ ಎಂಬ ದೊಡ್ಡ ಗಾತ್ರದ ಸೊಳ್ಳೆಗಳಲ್ಲಿ ಹೆಣ್ಣೂ ರಕ್ತ ಹೀರುವುದಿಲ್ಲ. ಅವುಗಳ ಮರಿಹುಳುಗಳು ನೀರಿನಲ್ಲಿ ಇತರ ಸೊಳ್ಳೆಗಳ ಮರಿಹುಳುಗಳನ್ನು ಬೇಟೆಯಾಡಿ ತಿನ್ನುವಾಗಲೇ ಮೊಟ್ಟೆಗೆ ಬೇಕಾದ ಪ್ರೋಟೀನನ್ನು ಕೂಡಿಟ್ಟುಕೊಂಡಿರುತ್ತವೆ. ಕ್ಯೂಲೆಕ್ಸ್ ಗುಂಪಿನ ಕೆಲವು ಸೊಳ್ಳೆಗಳು ಮೊದಲ ಕಂತಿನ ಮೊಟ್ಟೆಗಳನ್ನು ರಕ್ತವಿಲ್ಲದೆಯೇ ಇಡಬಲ್ಲವು.

ಉತ್ತರ 3:
ರೋಗ ಹರಡುವಿಕೆಯೂ ಈ ವ್ಯತ್ಯಾಸವನ್ನೇ ಅವಲಂಬಿಸಿದೆ. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು ರೋಗಿಯ ರಕ್ತ ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ, ಅಂದರೆ ಹೆಣ್ಣಿನಲ್ಲಿ. ಸಂತಾನಶಕ್ತಿ ಕಳೆದ ಗಂಡುಗಳನ್ನು ಬಿಟ್ಟು ಸೊಳ್ಳೆಗಳ ಸಂಖ್ಯೆಯನ್ನು ತಗ್ಗಿಸುವ ವಿಧಾನದಲ್ಲಿ ಬಿಡುಗಡೆಗೆ ಮುನ್ನ ಹೆಣ್ಣುಗಳನ್ನು ಬಹು ಎಚ್ಚರಿಕೆಯಿಂದ ಬೇರ್ಪಡಿಸುವುದಕ್ಕೂ ಕಾರಣ ಇದೇ.