ಅಪ್‌ಡೇಟ್: ಅಮ್ಮನೊಂದಿಗೆ ಕೋಯಾಸಾನ್‌ಗೆ ಹೋಗಿ ಬಂದೆವು

ಮಂಡಿನೋವಿರುವ, ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದ ಅಮ್ಮನಿಗೆ ಜಪಾನಿನಲ್ಲಿ ಕಾಡು, ಹಳೆಯ ಗುಡಿ ಎರಡನ್ನೂ ಎಲ್ಲಿ ತೋರಿಸಬಹುದು ಎಂದು ಇಲ್ಲಿ ಹಿಂದೆ ಕೇಳಿದ್ದೆ. ಬೌದ್ಧ ಮಠಗಳಿರುವ ಬೆಟ್ಟವಾದ ಕೋಯಾಸಾನ್‌ಗೆ ಹೋಗಿ ಎಂದವರಿಗೆ ದೊಡ್ಡ ನಮಸ್ಕಾರ. ಮಾಗೊಮೆ, ತ್ಸುಮಾಗೊ ಎಂಬ ಊರುಗಳ ನಡುವಿನ ಹಳೆಯ ಹೆದ್ದಾರಿಯ ಸಲಹೆಯೂ ಚೆನ್ನಾಗಿತ್ತು. ಆದರೆ ಎಂಟು ಕಿಲೋಮೀಟರ್ ಗುಡ್ಡದ ನಡಿಗೆ ನಮಗೆ ಆಗುವಂಥದ್ದಲ್ಲ.

ಒಸಾಕಾದ ನಂಬಾದಿಂದ ನಾನ್ಕಾಯ್ ರೈಲು, ಗೊಕುರಾಕುಬಾಶಿಯಿಂದ ಕೇಬಲ್ ಕಾರ್, ಮೇಲೆ ಬಸ್. ಇದು ಖಾಸಗಿ ಮಾರ್ಗವಾದ್ದರಿಂದ ಕೆಲವರು ಹೇಳಿದ್ದ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಇಲ್ಲಿ ನಡೆಯುವುದಿಲ್ಲ.

816ರಲ್ಲಿ ಕೂಕಾಯ್ ಎಂಬ ಯತಿಗೆ ದೊರೆತ ಈ ಬೆಟ್ಟದಲ್ಲಿ ಮಠಗಳಲ್ಲೇ ತಂಗಬಹುದು. ಊಟಕ್ಕೆ ಜಪಾನಿನ ಅಡುಗೆಯಲ್ಲಿ ಸಾಮಾನ್ಯವಾದ ಮೀನಿನ ಸಾರಿನ ಬದಲು ಕೊಂಬು ಎಂಬ ಕಡಲಪಾಚಿಯ ಸಾರು. ಗೋಮಾದೋಫು ಎಂಬ ಎಳ್ಳಿನ 'ತೋಫು'ವಿನಲ್ಲಿ ಸೋಯಾ ಇಲ್ಲವೇ ಇಲ್ಲ; ಎಳ್ಳನ್ನು ನುಣ್ಣಗೆ ಅರೆದು, ಕುಡ್ಜು ಎಂಬ ಬಳ್ಳಿಯ ಬೇರಿನ ಹಿಟ್ಟಿನೊಡನೆ ಮಗುಚಿ ಗಟ್ಟಿ ಮಾಡುತ್ತಾರೆ. ಅಮ್ಮ ನನ್ನ ಪಾಲನ್ನೂ ತಿಂದರು! ಕಾಯ್ದಿರಿಸುವಾಗಲೇ ಕೇಳಿದ್ದಕ್ಕೆ ಕುರ್ಚಿಯನ್ನೂ ಕೊಟ್ಟರು.

ಬೆಳಿಗ್ಗೆ ಅಗ್ನಿಪೂಜೆ. ಭಿಕ್ಷು ಮಂತ್ರ ಹೇಳುತ್ತ ಕಡ್ಡಿಗಳನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದಂತೆ, "ಇದು ನಮ್ಮ ಹೋಮವೇ ಅಲ್ಲವೇನೋ?" ಎಂದರು ಅಮ್ಮ. ಹೌದು, ಭಾರತದಿಂದ ಚೀನಾ ಮೂಲಕ ಹೋದದ್ದೇ.

ಒಕುನೋಯಿನ್ ಎಂಬ ಹಳೆಯ ಸ್ಮಶಾನದಲ್ಲಿ ಜಪಾನಿ ಸೀಡರ್ ಮರಗಳ ನಡುವೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು, ಕಲ್ಲಿನ ಮೇಲೆ ಸಂಸ್ಕೃತ ಬೀಜಾಕ್ಷರಗಳು. ಗೆದ್ದಲುಗಳಿಗೂ ಒಂದು ಸ್ಮಾರಕವಿದೆ. ಕಟ್ಟಿಸಿದ್ದು ಗೆದ್ದಲು ನಾಶಕರ ಸಂಘ! ಪೂರ್ತಿ ದಾರಿ ಎರಡು ಕಿಲೋಮೀಟರ್. ನಡೆಯಲಾಗದವರು ಒಕುನೋಯಿನ್-ಮಾಯೆ ಬಸ್ ನಿಲ್ದಾಣದಲ್ಲಿ ಇಳಿದರೆ ಅರ್ಧದಷ್ಟೇ ನಡೆದರೆ ಸಾಕು. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಸ್ವೆಟರ್ ಇರಲಿ.